ಕೈಗೆ ಕೀಲಿ, ಸೊಂಟಕ್ಕೆ ಟವೆಲ್: ವರ್ಷದ ಕೊನೆಗೆ ಸಾವೊ ಪಾಲೊದ ಗೇ ಸೌನಾಗೆ ಹೋಗುವವರಿಗೆ

ಡಿಸೆಂಬರ್ 20 ದಾಟಿದ ಮೇಲೆ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಒಂಟಿಯಾಗಿ ಉಳಿದವರಿಗೆ ಊರು ಬಿಕೋ ಅನ್ನಿಸುತ್ತದೆ. ಕಾರಿದ್ದವರೆಲ್ಲ ಸಮುದ್ರದ ಕಡೆ ಹೊರಟುಬಿಡುತ್ತಾರೆ, ಉಳಿದವರು ಅಮ್ಮನ ಮನೆಗೆ ಹೋಗುತ್ತಾರೆ, ಅಪಾರ್ಟ್‌ಮೆಂಟಿನ ಕಾವಲುಗಾರನೂ 24ರ ಸಂಜೆ ಗಡಿಯಾರ ನೋಡುತ್ತ ಕೂತಿರುತ್ತಾನೆ. ಆಫೀಸಿನವರು ನನ್ನನ್ನು ಎರಡು ವರ್ಷಕ್ಕೆ ಅಲ್ಲಿಗೆ ಕಳಿಸಿದ್ದರು. ಮೊದಲ ಕ್ರಿಸ್‌ಮಸ್ ರಾತ್ರಿ ರೂಮಿನಲ್ಲಿ ಮ್ಯಾಗಿ ತಿಂದು ಮಲಗಿದೆ. ಎರಡನೇ ವರ್ಷ ಬುದ್ಧಿ ಬಂತು, ಗೇ ಸೌನಾಗೆ, ಅಂದರೆ ಗಂಡಸರು ಗಂಡಸರನ್ನು ಹುಡುಕಿಕೊಂಡು ಬರುವ ಹಬೆಸ್ನಾನದ ಮನೆಗೆ, ಹೋದೆ. ಈ ಡಿಸೆಂಬರಿಗೆ ಹೋಗುತ್ತಿರುವ ಇಬ್ಬರು ಹುಡುಗರು ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳಿದರು, ಅಲ್ಲಿನ ಸೌನಾಗೆ ಹೋಗುವುದು ಹೇಗೆ ಅಂತ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಆಪ್ ಇರುವಾಗ ಸೌನಾ ಯಾಕೆ ಅಂತ ಕೇಳುತ್ತೀರಿ ಅಲ್ವಾ? ಸಾವೊ ಪಾಲೊದಲ್ಲಿ ಡೇಟಿಂಗ್ ಆಪ್‌ನಲ್ಲಿ ಕರೆಸಿಕೊಂಡು ದೋಚುವುದು ಮಾಮೂಲಿ ದಂಧೆ. ಸಿಹಿಯಾಗಿ ಮಾತಾಡಿಸಿ, ಊರಾಚೆ ಯಾವುದೋ ರಸ್ತೆಗೆ ಬರಹೇಳಿ, ಫೋನ್ ಕಿತ್ತುಕೊಂಡು, ಬ್ಯಾಂಕಿನ ದುಡ್ಡೆಲ್ಲ ವರ್ಗಾಯಿಸಿಕೊಳ್ಳುವವರೆಗೂ ಕೂಡಿಹಾಕಿದ ಪ್ರಕರಣಗಳು ಪೇಪರಿನಲ್ಲಿ ಬರುತ್ತಲೇ ಇರುತ್ತವೆ. ಕುಡಿಯುವುದರಲ್ಲಿ ಮತ್ತಿನ ಔಷಧಿ ಬೆರೆಸಿ ದೋಚುವುದಕ್ಕಂತೂ ಅಲ್ಲಿ ಒಂದು ಹೆಸರೇ ಇದೆ, 'ಬೋವಾ ನೋಯ್ಚಿ ಸಿಂಡರೆಲಾ', ಅಂದರೆ 'ಶುಭರಾತ್ರಿ ಸಿಂಡರೆಲಾ'. ಸೌನಾದಲ್ಲಿ ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ, ಯಾರ ಕೈಯಲ್ಲೂ ಫೋನ್ ಇರುವುದಿಲ್ಲ, ಯಾರ ಜೇಬಲ್ಲೂ ಏನೂ ಇರುವುದಿಲ್ಲ, ಯಾಕೆಂದರೆ ಜೇಬೇ ಇರುವುದಿಲ್ಲ. ಗೊತ್ತಿಲ್ಲದ ಊರಿನಲ್ಲಿ, ಭಾಷೆ ಬರದೆ, ಹಬ್ಬದ ದಿನ ಒಬ್ಬನೇ ಇರುವವನಿಗೆ ಇದು ಆಪ್‌ಗಿಂತ ಎಷ್ಟೋ ವಾಸಿ. ನನ್ನ ಅಭಿಪ್ರಾಯ ಅಷ್ಟೇ, ಆದರೆ ಗಟ್ಟಿ ಅಭಿಪ್ರಾಯ.

ಪೊಲೀಸರು ಬಂದರೆ ಅನ್ನುವ ಭಯ ನಮ್ಮವರಿಗೆ ರಕ್ತದಲ್ಲೇ ಇದೆ. 2018ರ ಸೆಪ್ಟೆಂಬರ್ 6ರವರೆಗೆ ನಮ್ಮ ತಲೆ ಮೇಲೆ ಗಂಡಸರ ನಡುವಿನ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮು ತೂಗುತ್ತಿತ್ತಲ್ಲ, ಅದು ಅಷ್ಟು ಬೇಗ ಹೋಗುವುದಿಲ್ಲ. ಬ್ರೆಜಿಲ್‌ನಲ್ಲಿ ಆ ಥರದ ಕಾನೂನನ್ನು 1830ರ ದಂಡಸಂಹಿತೆಯಲ್ಲೇ ಕೈಬಿಟ್ಟಿದ್ದರು. 2013ರಿಂದ ಇಬ್ಬರು ಗಂಡಸರು ಅಲ್ಲಿ ನೋಂದಣಿ ಕಚೇರಿಗೆ ಹೋಗಿ ಮದುವೆಯಾಗಬಹುದು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಗೇಗಳ ಮೇಲಿನ ದ್ವೇಷವನ್ನು ಜನಾಂಗದ್ವೇಷದಷ್ಟೇ ಅಪರಾಧ ಅಂತ ತೀರ್ಪು ಕೊಟ್ಟಿತು. ಹಾಗಂತ ಬೀದಿಯಲ್ಲಿ ಹೊಡೆತ ಬೀಳುವುದೇ ಇಲ್ಲ ಅಂತಲ್ಲ, ಬೀಳುತ್ತದೆ. ಆದರೆ ಸೌನಾ ಅನ್ನುವುದು ಬೋರ್ಡು ಹಾಕಿಕೊಂಡು, ಕಾರ್ಡು ಉಜ್ಜಿಸಿಕೊಂಡು ನಡೆಯುವ ರಾಜಾರೋಷದ ವ್ಯಾಪಾರ. ತಲೆ ತಗ್ಗಿಸಿಕೊಂಡು ಒಳಗೆ ನುಗ್ಗುವ ಅಗತ್ಯ ಇಲ್ಲ.

ಹೊರಡುವ ಮೊದಲು ಎರಡು ಕೆಲಸ. ನಮ್ಮ ಸಾಮಾನ್ಯ ಪಾಸ್‌ಪೋರ್ಟಿಗೆ ವೀಸಾ ಮೊದಲೇ ಬೇಕು. ಆಮೇಲೆ ಹಳದಿ ಜ್ವರದ ಲಸಿಕೆ, ಇದನ್ನು ಬ್ರೆಜಿಲ್‌ಗಿಂತ ನಮ್ಮ ದೇಶದವರೇ ಜಾಸ್ತಿ ಕೇಳುತ್ತಾರೆ. ಬ್ರೆಜಿಲ್‌ನಿಂದ ವಾಪಸ್ ಬರುವಾಗ ಆ ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು. ಚುಚ್ಚಿಸಿಕೊಂಡು 10 ದಿನ ಆದ ಮೇಲೇ ಅದು ಲೆಕ್ಕಕ್ಕೆ ಬರುವುದು, ಹಾಗಾಗಿ ಡಿಸೆಂಬರ್ ಕೊನೆಗೆ ಹೋಗುವವರು ನವೆಂಬರಿನಲ್ಲೇ ಮುಗಿಸಿಕೊಳ್ಳಿ. ಹೆಪಟೈಟಿಸ್ ಎ ಮತ್ತು ಬಿ ಲಸಿಕೆಯನ್ನೂ ಅದೇ ಸಮಯಕ್ಕೆ ವಿಚಾರಿಸಿ. 2017ರಲ್ಲಿ ಸಾವೊ ಪಾಲೊದ ಗೇ ಗಂಡಸರಲ್ಲಿ ಹೆಪಟೈಟಿಸ್ ಎ ಜೋರಾಗಿ ಹರಡಿತ್ತು. ಬಿ ಲಸಿಕೆ ಒಂದೇ ಡೋಸಲ್ಲಿ ಮುಗಿಯುವುದಿಲ್ಲ, ಅದಕ್ಕೆ ತಿಂಗಳುಗಳೇ ಬೇಕು.

ಈಗ ಸೌನಾ ವಿಷಯ. ಎರಡು ಜಾತಿ ಇವೆ, ಇದು ಗೊತ್ತಿಲ್ಲದೆ ಹೋದರೆ ಪೇಚಾಟ. ಒಂದು, ಬರುವವರೆಲ್ಲ ಗಿರಾಕಿಗಳೇ ಆಗಿರುವ ಸೌನಾ. ಯಾರಿಗೆ ಯಾರು ಇಷ್ಟವೋ ಅವರವರು, ದುಡ್ಡಿನ ಮಾತಿಲ್ಲ. ಅಲ್ಲಿನವರು ಇದಕ್ಕೆ 'ಪೆಗಸೌಂ' ಅನ್ನುತ್ತಾರೆ. ಇನ್ನೊಂದು 'ಸೌನಾ ದಿ ಬಾಯ್ಸ್'. ಅಲ್ಲಿ ದುಡ್ಡು ತೆಗೆದುಕೊಂಡು ಜೊತೆಗೆ ಬರುವ ಹುಡುಗರು ಇರುತ್ತಾರೆ, 'ಗರೋಟು ದಿ ಪ್ರೊಗ್ರಾಮಾ' ಅಂತ ಅವರ ಹೆಸರು. ಸಾಮಾನ್ಯವಾಗಿ ಗಿರಾಕಿಗಳು ಟವೆಲ್‌ನಲ್ಲಿ, ಅವರು ಚಡ್ಡಿಯಲ್ಲಿ. ಹೆಸರಿನಲ್ಲಿ 'ಟರ್ಮಸ್' ಇದ್ದ ಮಾತ್ರಕ್ಕೆ ಯಾವ ಜಾತಿ ಅಂತ ಗೊತ್ತಾಗುವುದಿಲ್ಲ. ಹೋಗುವ ಮೊದಲು ವಿಮರ್ಶೆಗಳನ್ನು ಓದಿ, 'ಬಾಯ್ಸ್' ಅನ್ನುವ ಪದ ಹುಡುಕಿ. ನಾನು ಓದದೆ ಹೋಗಿ, ಮೂವರು ಸುಂದರಾಂಗರು ಒಟ್ಟಿಗೆ ಬಂದು ನನ್ನ ಪಕ್ಕ ಕೂತಾಗ, ಅಬ್ಬ, ಈ ದೇಶದಲ್ಲಿ ನನಗೆ ಇಷ್ಟು ಡಿಮ್ಯಾಂಡಾ ಅಂತ ಹತ್ತು ನಿಮಿಷ ಬೀಗಿದ್ದೆ.

ಜಾಗಗಳು. ಹಳೆಯ ಗೇ ಅಡ್ಡೆ ಅಂದರೆ ಊರ ನಡುವಿನ ರೆಪುಬ್ಲಿಕಾ, ಲಾರ್ಗೊ ದೊ ಅರೌಶೆ ಚೌಕ, ಪಕ್ಕದ ವಿಯೇರಾ ದಿ ಕರ್ವಾಲ್ಯೊ ರಸ್ತೆ. ಅರೌಶೆಯಲ್ಲಿ ಹೂವಿನ ಅಂಗಡಿಗಳಿವೆ, ಸಂಜೆಯಾದರೆ ಕುರ್ಚಿಗಳೆಲ್ಲ ಫುಟ್‌ಪಾತಿಗೆ ಬರುತ್ತವೆ. ಆ ಚೌಕದಲ್ಲೇ 'ಚಿಲ್ಲಿ ಪೆಪ್ಪರ್' ಅಂತ ಗಂಡಸರಿಗೆ ಮಾತ್ರ ಇರುವ ಹೋಟೆಲ್ ಥರದ ದೊಡ್ಡ ಸೌನಾ ಇದೆ. ವಿಲಾ ಮರಿಯಾನಾ ಕಡೆ 'ಫಾರ್ ಫ್ರೆಂಡ್ಸ್' ಇದೆ, ಅದು ಮನೆಗಳಿರುವ ಬೀದಿಯಲ್ಲಿ. ಎರಡೂ ಕಡೆಗೆ ಮೆಟ್ರೊ ಹತ್ತಿರ. ಹಗಲು ಹೊತ್ತಿನಲ್ಲಿ ಅರೌಶೆ ಸುತ್ತ ನಡೆಯಬಹುದು, ಆದರೆ ರಾತ್ರಿ ರೆಪುಬ್ಲಿಕಾ ಮೆಟ್ರೊದಿಂದ ನಡೆದು ಹೋಗುವ ಸಾಹಸ ಬೇಡ, ಕಾರು ಕರೆಸಿಕೊಳ್ಳಿ. ಊಬರ್ ಇದೆ, '99' ಅನ್ನುವ ಅಲ್ಲಿನದೇ ಆಪ್ ಇದೆ. ಕಾರಿಗೆ ಕಾಯುವಾಗ ಫೋನ್ ಹಿಡಿದುಕೊಂಡು ಫುಟ್‌ಪಾತ್ ಅಂಚಿಗೆ ನಿಲ್ಲಬೇಡಿ. ಸೈಕಲ್ ಮೇಲೆ ಬಂದು ಕಿತ್ತುಕೊಂಡು ಹೋಗುತ್ತಾರೆ, ನಿಮಗೆ ಗೊತ್ತಾಗುವಷ್ಟರಲ್ಲಿ ಸೈಕಲ್ ಮುಂದಿನ ತಿರುವಿನಲ್ಲಿರುತ್ತದೆ.

ಹಬ್ಬದ ಲೆಕ್ಕವೇ ಬೇರೆ, ಇಲ್ಲಿ ಸ್ವಲ್ಪ ಗಮನ ಕೊಡಿ. ಬ್ರೆಜಿಲ್‌ನವರ ಕ್ರಿಸ್‌ಮಸ್ ಅಂದರೆ 24ರ ರಾತ್ರಿಯ ಊಟ. ಮನೆಮಂದಿಯೆಲ್ಲ ಸೇರಿ ನಡುರಾತ್ರಿಗೆ ತಿನ್ನುತ್ತಾರೆ. ಹಾಗಾಗಿ 24ರ ಸಂಜೆಯಿಂದ ಊರಿಗೆ ಊರೇ ಬೀಗ, ಎಷ್ಟೋ ಸೌನಾಗಳೂ ಬೇಗ ಮುಚ್ಚುತ್ತವೆ. ಒಳ್ಳೆ ಹೊತ್ತು ಅಂದರೆ 25ರ ಮಧ್ಯಾಹ್ನದ ಮೇಲೆ. ಹಿಂದಿನ ರಾತ್ರಿ ದೊಡ್ಡಪ್ಪಂದಿರ ಪ್ರಶ್ನೆಗಳನ್ನೆಲ್ಲ ಸಹಿಸಿಕೊಂಡು, 'ಮದುವೆ ಯಾವಾಗ' ಅನ್ನುವುದು ಅಲ್ಲೂ ಇದೆ ಸ್ವಾಮಿ, ತಪ್ಪಿಸಿಕೊಂಡು ಬಂದ ಗಂಡಸರೆಲ್ಲ ಆ ಸಂಜೆ ಅಲ್ಲಿರುತ್ತಾರೆ. ನಾನು ಹೋದ 25ರಂದು ಬಾರ್ ಕಟ್ಟೆಯ ಮೇಲೆ ಯಾರೋ ಮನೆಯಿಂದ ತಂದ ರಬನಾದಾ ಇಟ್ಟಿದ್ದರು. ಬ್ರೆಡ್ಡನ್ನು ಹಾಲು ಮೊಟ್ಟೆಯಲ್ಲಿ ಅದ್ದಿ ಕರಿದು ಸಕ್ಕರೆ ದಾಲ್ಚಿನ್ನಿ ಉದುರಿಸಿದ ತಿಂಡಿ. ಟವೆಲ್ ಸುತ್ತಿಕೊಂಡು ನಿಂತು ಹತ್ತು ಜನ ಗಂಡಸರು ಬೆರಳು ಚೀಪುತ್ತಿದ್ದರು.

31ರದ್ದು ಇನ್ನೊಂದು ಕಥೆ. ಬೆಳಗ್ಗೆ ಪೌಲಿಸ್ತಾ ಅವೆನ್ಯೂನಲ್ಲಿ ಸಾವೊ ಸಿಲ್ವೆಸ್ತ್ರೆ ಓಟ, 1925ರಿಂದ ನಡೆಯುತ್ತಿರುವುದು. ರಾತ್ರಿ ಅದೇ ರಸ್ತೆಯಲ್ಲಿ ಹೊಸ ವರ್ಷದ ಜಾತ್ರೆ. ಆ ಸುತ್ತಮುತ್ತ ಕಾರು ಹೋಗುವುದಿಲ್ಲ, ಹೋದರೂ ಬಾಡಿಗೆ ಎರಡು ಮೂರು ಪಟ್ಟು. ಒಂದು ಒಳ್ಳೆ ಸುದ್ದಿ ಇದೆ. 2023ರ ಡಿಸೆಂಬರಿನಿಂದ ಸಾವೊ ಪಾಲೊದ ಸಿಟಿ ಬಸ್ಸುಗಳು ಭಾನುವಾರ ಪುಕ್ಕಟೆ, ಜೊತೆಗೆ ಕ್ರಿಸ್‌ಮಸ್, ಜನವರಿ 1 ಮತ್ತು ಊರಿನ ಹುಟ್ಟುಹಬ್ಬ ಜನವರಿ 25ಕ್ಕೂ. ಸಾಮಾನ್ಯ ದಿನ ಮೆಟ್ರೊ ನಡುರಾತ್ರಿಗೆ ನಿಲ್ಲುತ್ತದೆ, ಶನಿವಾರ ಇನ್ನೂ ತಡವಾಗಿ. ಹಬ್ಬದ ವೇಳಾಪಟ್ಟಿ ಆ ವಾರ ಹೊರಬರುತ್ತದೆ, ನೋಡಿಕೊಳ್ಳಿ. ಸೌನಾದ ವೇಳೆಯನ್ನು ಗೂಗಲ್ ಮ್ಯಾಪ್ ನೋಡಿ ನಂಬಬೇಡಿ. ಅವರ ಇನ್‌ಸ್ಟಾಗ್ರಾಂ ನೋಡಿ, ಇಲ್ಲಾ ವಾಟ್ಸಾಪ್‌ನಲ್ಲಿ 'ಅಬ್ರಿ ಓಜಿ?' ಅಂತ ಕೇಳಿ, ಇವತ್ತು ತೆಗೆದಿರುತ್ತಾ ಅಂತ. ಬ್ರೆಜಿಲ್ ನಡೆಯುವುದೇ ವಾಟ್ಸಾಪ್ ಮೇಲೆ, ಉತ್ತರ ಬರುತ್ತದೆ. ಪ್ರವೇಶದ ದರವೂ ವಾರಕ್ಕೊಂದು, ಹಬ್ಬಕ್ಕೊಂದು ಇರುತ್ತದೆ. ಅಲ್ಲಿನ ದುಡ್ಡು ರೆಯಾಲ್, ಒಂದಕ್ಕೆ ಎಷ್ಟು ರೂಪಾಯಿ ಅಂತ ಆ ದಿನದ ದರ ನೋಡಿ ಮನಸ್ಸಲ್ಲಿ ಗುಣಿಸಿಕೊಳ್ಳಿ.

ಏನೇನು ಒಯ್ಯಬೇಕು? ಕಡಿಮೆ. ಗುರುತಿಗೆ ಪಾಸ್‌ಪೋರ್ಟ್ ಕೇಳಬಹುದು, ಕೆಲವು ಕಡೆ ಅದರ ಪ್ರತಿ ನಡೆಯುತ್ತದೆ. ಅದನ್ನೂ ವಾಟ್ಸಾಪ್‌ನಲ್ಲೇ ಕೇಳಿಬಿಡಿ. ಒಂದೇ ಒಂದು ಕಾರ್ಡ್, ಸ್ವಲ್ಪ ನಗದು. ಅಲ್ಲಿ ಎಲ್ಲರೂ 'ಪಿಕ್ಸ್'ನಲ್ಲಿ ಕೊಡುತ್ತಾರೆ, ನಮ್ಮ ಯುಪಿಐ ಥರದ್ದು, 2020ರ ನವೆಂಬರಿನಲ್ಲಿ ಬಂದದ್ದು. ಅಲ್ಲಿನ ಬ್ಯಾಂಕ್ ಖಾತೆ ಇಲ್ಲದ ಪ್ರವಾಸಿಗೆ ಅದರ ಆಸೆ ಬೇಡ, ಕಾರ್ಡೇ ಗತಿ. ಉಂಗುರ, ಸರ, ಒಳ್ಳೆ ವಾಚು ರೂಮಿನಲ್ಲಿರಲಿ. ಜನಿವಾರ, ಉಡಿದಾರ ಇದ್ದವರು ನಿಮ್ಮ ಇಷ್ಟ, ಆದರೆ ಉಡಿದಾರದ ಬಗ್ಗೆ ಕನಿಷ್ಠ ಮೂರು ಜನ ಕೇಳುತ್ತಾರೆ, ಉತ್ತರ ರೆಡಿ ಇಟ್ಟುಕೊಳ್ಳಿ.

ಬಾಗಿಲಲ್ಲಿ ಗಂಟೆ ಒತ್ತಿ, ಒಳಗೆ ಬಿಡುತ್ತಾರೆ. ಗಾಜಿನ ಹಿಂದೆ ಒಬ್ಬ ಕೂತಿರುತ್ತಾನೆ. ನಿಮ್ಮ ಹೆಸರು ಬರೆದುಕೊಂಡು ಟವೆಲ್, ಹವಾಯಿ ಚಪ್ಪಲಿ, ಎಲಾಸ್ಟಿಕ್ ದಾರಕ್ಕೆ ಕಟ್ಟಿದ ಕೀಲಿ ಕೊಡುತ್ತಾನೆ. ಕೀಲಿ ಮೇಲೆ ಒಂದು ನಂಬರ್. ಆ ಕ್ಷಣದಿಂದ ಹೊರಗೆ ಬರುವವರೆಗೂ ನೀವು ಆ ನಂಬರ್. ಬಿಯರ್ ತಗೊಂಡರೆ ನಂಬರಿಗೆ, ಸ್ಯಾಂಡ್‌ವಿಚ್ ತಗೊಂಡರೆ ನಂಬರಿಗೆ, ದೊಡ್ಡ ಕೋಣೆ ಬೇಕೆಂದರೂ ನಂಬರಿಗೆ. ಈ ಲೆಕ್ಕದ ಚೀಟಿಗೆ 'ಕೊಮಾಂದಾ' ಅನ್ನುತ್ತಾರೆ. ನನಗೆ ಮೊದಲ ಸಲ ಸಿಕ್ಕಿದ್ದು 66. ಕೌಂಟರಿನವನು ಕೀಲಿ ತಳ್ಳಿ 'ಮೇಯಾ ಮೇಯಾ' ಅಂದ. ನಾನು ಮೂರು ತಿಂಗಳು ಪೋರ್ಚುಗೀಸ್ ಕಲಿತಿದ್ದೆ. 'ಮೇಯಾ' ಅಂದರೆ ಕಾಲುಚೀಲ ಅಂತ ಗೊತ್ತಿತ್ತು. ಸರಿ, ಅಲ್ಲೇ ಬಗ್ಗಿ ಶೂ ಬಿಚ್ಚಿ ಎರಡೂ ಕಾಲುಚೀಲ ತೆಗೆದು ಕೈಯಲ್ಲಿ ಹಿಡಿದು ನಿಂತೆ. ಅವನು ನನ್ನನ್ನು ನೋಡಿದ, ಕಾಲುಚೀಲ ನೋಡಿದ, ಆಮೇಲೆ ಕೀಲಿಯ ಮೇಲಿನ ನಂಬರನ್ನು ಬೆರಳಿಂದ ತೋರಿಸಿದ. ಬ್ರೆಜಿಲ್‌ನವರು ನಂಬರ್ ಹೇಳುವಾಗ ಆರಕ್ಕೆ 'ಸೇಯ್ಸ್' ಅನ್ನದೆ 'ಮೇಯಾ' ಅನ್ನುತ್ತಾರೆ, ಅರ್ಧ ಡಜನ್ ಅಂತ. ಮೂರಕ್ಕೆ ಇರುವ 'ತ್ರೇಸ್' ಜೊತೆ 'ಸೇಯ್ಸ್' ಗೊಂದಲ ಆಗಬಾರದು ಅಂತ ಈ ಉಪಾಯವಂತೆ. ನಕ್ಕುಬಿಡಿ, ಆದರೆ ನೆನಪಿಡಿ. ಇನ್ನೊಂದು ಸೌನಾದಲ್ಲಿ 63ರವನು ಕುಡಿದ ಎರಡು ಕೈಪಿರಿನ್ಯಾ, ಅಂದರೆ ಅಲ್ಲಿನ ನಿಂಬೆ ಹಾಕಿದ ಮದ್ಯ, ನನ್ನ 36ರ ಲೆಕ್ಕಕ್ಕೆ ಬಂದು, ಹೊರಡುವಾಗ ಅರ್ಧ ಗಂಟೆ ವಾದ ಮಾಡಿ ಕೊನೆಗೆ ಒಂದರ ದುಡ್ಡು ಕೊಟ್ಟು ಬಂದೆ. ಅಂದಿನಿಂದ ಪ್ರತಿ ಸಲ ಬಾರಿನಲ್ಲಿ ಕೈ ಎತ್ತಿ ಕೀಲಿಯನ್ನೇ ತೋರಿಸುತ್ತೇನೆ.

ಕೀಲಿಯನ್ನು ಮಣಿಕಟ್ಟಿಗೋ ಕಣಕಾಲಿಗೋ ಹಾಕಿಕೊಂಡರೆ ಮತ್ತೆ ಬಿಚ್ಚಬೇಡಿ. ನೀರಿಗಿಳಿದಾಗಲೂ ಸರಿ, ಯಾರ ಜೊತೆಗಿದ್ದಾಗಲೂ ಸರಿ. ಕಳೆದರೆ ದಂಡ ಅಂತ ಗೋಡೆ ಮೇಲೆ ಬರೆದಿರುತ್ತಾರೆ. ಬಟ್ಟೆ, ಫೋನ್, ಪಾಸ್‌ಪೋರ್ಟ್ ಎಲ್ಲ ಲಾಕರಿನಲ್ಲಿ. ಫೋನ್ ಒಳಗೆ ತರಲೇಬೇಡಿ. ಫೋಟೊದ ಭಯ ನಿಮಗೆಷ್ಟೋ ಅಲ್ಲಿ ಬಂದ ಹೆಂಡತಿ ಮಕ್ಕಳಿರುವವರಿಗೂ ಅಷ್ಟೇ.

ಟವೆಲ್ ಸುತ್ತಿಕೊಂಡ ಮೇಲೆ ಏನು ಮಾಡುವುದು? ನೇರ ಶವರಿಗೆ ಹೋಗಿ. ಸೋಪು ಹಚ್ಚಿ ಸರಿಯಾಗಿ ಸ್ನಾನ ಮಾಡಿ. ಬ್ರೆಜಿಲ್‌ನವರು ದಿನಕ್ಕೆ ಎರಡು ಮೂರು ಸಲ ಸ್ನಾನ ಮಾಡುವ ಜನ, ಬೆವರು ನಾತ ಅವರಿಗೆ ಆಗಿಬರುವುದಿಲ್ಲ. ಶವರುಗಳು ಸಾಲಾಗಿ, ತೆರೆದೇ ಇರುತ್ತವೆ. ಇಲ್ಲೇ ನಮ್ಮವರು ಒದ್ದಾಡುವುದು. ಹೊಳೆಯಲ್ಲೂ ಚಡ್ಡಿ ಹಾಕಿಕೊಂಡೇ ಮುಳುಗಿದವರು ನಾವು, ಬಚ್ಚಲಿನಲ್ಲಿ ಒಬ್ಬನೇ ಇದ್ದಾಗಲೂ ಪಂಚೆ ಬಿಚ್ಚದ ಅಜ್ಜಂದಿರ ಮೊಮ್ಮಕ್ಕಳು. ಮೊದಲ ಹತ್ತು ನಿಮಿಷ ಕೈ ಎಲ್ಲಿಡಬೇಕು ಅಂತಲೇ ಗೊತ್ತಾಗುವುದಿಲ್ಲ. ಹೊಟ್ಟೆ ಒಳಗೆ ಎಳೆದುಕೊಂಡು ನಡೆಯುತ್ತೀರಿ, ನಾನೂ ನಡೆದೆ. ಆಮೇಲೆ ಅರವತ್ತು ದಾಟಿದ, ನನ್ನ ಎರಡರಷ್ಟು ಹೊಟ್ಟೆಯ ಒಬ್ಬರು ಶಿಳ್ಳೆ ಹಾಕುತ್ತ ಟವೆಲ್ ಹೆಗಲಿಗೆ ಹಾಕಿಕೊಂಡು ಹಾದುಹೋದರು. ಅಲ್ಲಿಗೆ ನನ್ನ ಹೊಟ್ಟೆ ತನ್ನ ಜಾಗಕ್ಕೆ ಬಂತು.

ಒಣ ಸೌನಾ ಮರದ ಕೋಣೆ, ಬಿಸಿ ಒಣಗಾಳಿ. ಹಬೆಯದು ಬೇರೆ, 'ಸೌನಾ ಆ ವಪೋರ್'. ನನಗೆ ಅದೇ ಇಷ್ಟ. ಬಾಗಿಲು ತೆಗೆದರೆ ನೀಲಗಿರಿ ಎಣ್ಣೆ ವಾಸನೆ ಮೂಗಿಗೆ ಹೊಡೆಯುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ದೀಪಾವಳಿಯ ಬೆಳಗ್ಗೆ ಹಂಡೆ ಕುದಿಯುವ ಬಚ್ಚಲುಮನೆಯ ಬಾಗಿಲು ತೆಗೆದ ಹಾಗೆ, ಹೊಗೆ ಇಲ್ಲ ಅಷ್ಟೇ. ಗೋಡೆ ಹಿಡಿದುಕೊಂಡು ನಿಧಾನಕ್ಕೆ ಒಳಗೆ ಹೋಗಿ, ನೆಲ ಜಾರುತ್ತದೆ, ಕೂರುವ ಮೊದಲು ಯಾರ ತೊಡೆಯೋ ಕಟ್ಟೆಯೋ ಅಂತ ನೋಡಿಕೊಳ್ಳಿ. ಟವೆಲ್ ಹಾಸಿಕೊಂಡು ಕೂರಿ. ಹತ್ತು ನಿಮಿಷ ಸಾಕು, ಎದ್ದು ಬಂದು ತಣ್ಣೀರು, ಕುಡಿಯಲು ನೀರು, ಸ್ವಲ್ಪ ಕೂತು ಮತ್ತೆ. ಡಿಸೆಂಬರ್ ಅಲ್ಲಿ ನಡುಬೇಸಿಗೆ, ಹೊರಗೇ ಸೆಕೆ, ಮಧ್ಯಾಹ್ನದ ಮೇಲೆ ಗುಡುಗು ಮಳೆ. ಹೊಟ್ಟೆಗೆ ಎರಡು ಕೈಪಿರಿನ್ಯಾ ಹಾಕಿಕೊಂಡು ಹಬೆಗೆ ಹೋದರೆ ತಲೆ ತಿರುಗಿ ಬೀಳುತ್ತೀರಿ. ಒಬ್ಬರು ಬಿದ್ದಿದ್ದನ್ನು ನೋಡಿದ್ದೇನೆ.

ನಡವಳಿಕೆ ಬಹುಪಾಲು ಕಣ್ಣಿನಲ್ಲೇ ನಡೆಯುತ್ತದೆ. ನೋಡುತ್ತಾರೆ, ನೀವೂ ನೋಡಿದರೆ ಇನ್ನೊಂದು ಸಲ ನೋಡುತ್ತಾರೆ, ಹತ್ತಿರ ಬಂದು ನಿಲ್ಲುತ್ತಾರೆ. ಬೇಡವೆಂದರೆ ಮುಖ ತಿರುಗಿಸಿದರೆ ಸಾಕು. ಕತ್ತಲ ಕೋಣೆಯಲ್ಲಿ ಯಾರಾದರೂ ಕೈಯಿಟ್ಟರೆ ಮೆಲ್ಲಗೆ ಆ ಕೈ ತೆಗೆದಿಡಿ, ಅದಕ್ಕೆ ಎಲ್ಲರೂ ಒಪ್ಪಿದ ಅರ್ಥ ಒಂದೇ. ಬಾಯಲ್ಲಿ ಹೇಳಬೇಕೆಂದರೆ 'ನೌಂ, ಒಬ್ರಿಗಾದು', ಬೇಡ, ಧನ್ಯವಾದ. ನಗುತ್ತ ಹೇಳಿ, ಅವರು ನಗುತ್ತಲೇ ಹೋಗುತ್ತಾರೆ. ನಿಮಗೂ ಅದೇ ನಿಯಮ: ಯಾರಾದರೂ ಕೈ ತೆಗೆದಿಟ್ಟರೆ ಎರಡನೇ ಸಲ ಪ್ರಯತ್ನ ಬೇಡ, ಹಿಂದೆ ಹಿಂದೆ ಸುತ್ತುವುದು ಬೇಡ. ಬಿಡದೆ ಕಾಡುವವನಿದ್ದರೆ ಬಾರಿನವನಿಗೆ ಹೇಳಿ, ಸಿಬ್ಬಂದಿ ಬಂದು ಮಾತಾಡುತ್ತಾರೆ. ಸಣ್ಣ ಕೋಣೆಗಳ ಬಾಗಿಲು ಅರೆ ತೆರೆದಿದ್ದರೆ ಇಣುಕಬಹುದು, ಮುಚ್ಚಿದ್ದರೆ ತಟ್ಟಬಾರದು. ಒಳಗೆ ಹೋದ ಮೇಲೂ ಮನಸ್ಸು ಬದಲಾದರೆ ಎದ್ದು ಬರಬಹುದು. ಒಪ್ಪಿಗೆ ಬಾಗಿಲಲ್ಲಿ ಒಂದು ಸಲ ಕೊಟ್ಟು ಮುಗಿಯುವ ಟಿಕೆಟ್ ಅಲ್ಲ. ಇಡೀ ಸಂಜೆ ಯಾರನ್ನೂ ಮುಟ್ಟದೆ, ನೀರಿನಲ್ಲಿ ಕಾಲು ಇಳಿಬಿಟ್ಟು ಕೂತು ಬಂದರೂ ನಿಮ್ಮನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ನನ್ನ ಅರ್ಧದಷ್ಟು ಸಂಜೆಗಳು ಹಾಗೇ ಕಳೆದಿವೆ.

ಮಾತು ಶುರುವಾದರೆ ಎಲ್ಲಿಯವರು ಅಂತ ಕೇಳುತ್ತಾರೆ. ಸುಮ್ನೆ ನೋಡಿದರೆ ನಮ್ಮಲ್ಲಿ ಎಷ್ಟೋ ಜನ ಬ್ರೆಜಿಲ್‌ನವರ ಥರವೇ ಕಾಣುತ್ತೇವೆ, ಹಾಗಾಗಿ ಬಾಯಿ ಬಿಟ್ಟ ಮೇಲೇ ಆಶ್ಚರ್ಯ. 'ಇಂದಿಯಾನು' ಅಂದ ಕೂಡಲೇ ಮೂವತ್ತೈದು ದಾಟಿದವನಾದರೆ ಕೈ ಎತ್ತಿ 'ಅರೆ ಬಾಬಾ!' ಅನ್ನುವ ಸಾಧ್ಯತೆ ತುಂಬಾ. 2009ರಲ್ಲಿ ಭಾರತದ ಕಥೆ ಇಟ್ಟುಕೊಂಡ ಧಾರಾವಾಹಿಯೊಂದು ಅಲ್ಲಿನ ಟಿವಿಯಲ್ಲಿ ದೇಶಕ್ಕೆ ದೇಶವೇ ಕೂತು ನೋಡುವ ಹಾಗೆ ಓಡಿತ್ತು. ಹಬೆ ಕೋಣೆಯಲ್ಲಿ, ಮುಖ ಕಾಣದ ಒಬ್ಬ ನನಗೆ 'ನಮಸ್ತೆ' ಅಂದಾಗ ಅಯ್ಯೋ, ಆಫೀಸಿನವನಾ ಅಂತ ಎದೆ ಧಸಕ್ಕೆಂದಿತ್ತು. ಅಂದ ಹಾಗೆ, ಆಫೀಸಿನವರು ಸಿಗುವ ಭಯ ಎಲ್ಲರಿಗೂ ಇದೆ. ಸಿಕ್ಕರೆ ಅವರೂ ಟವೆಲ್‌ನಲ್ಲೇ ಇರುತ್ತಾರೆ ಅಲ್ವಾ?

ಬಾಯ್ಸ್ ಇರುವ ಸೌನಾಗೆ ಬೇಕೆಂದೇ ಹೋಗುವವರಿಗೆ ಇಷ್ಟು. ಬ್ರೆಜಿಲ್‌ನಲ್ಲಿ ವಯಸ್ಕರು ದುಡ್ಡಿಗೆ ಈ ಕೆಲಸ ಮಾಡುವುದು ಅಪರಾಧವಲ್ಲ, 2002ರಿಂದ ಸರ್ಕಾರದ ಉದ್ಯೋಗಗಳ ಪಟ್ಟಿಯಲ್ಲೇ ಅದಕ್ಕೆ ಜಾಗ ಇದೆ. 18 ತುಂಬದವರು ಎಲ್ಲಿ ಕಂಡರೂ ಅಲ್ಲಿಂದ ಎದ್ದು ಬನ್ನಿ, ಅದು ಜೈಲಿನ ವಿಷಯ, ಅದಕ್ಕಿಂತ ಮೊದಲು ಮನುಷ್ಯತ್ವದ ವಿಷಯ. ದುಡ್ಡೆಷ್ಟು, ಎಷ್ಟು ಹೊತ್ತು, ಏನಿದೆ ಏನಿಲ್ಲ, ಇದೆಲ್ಲ ಕೋಣೆಗೆ ಹೋಗುವ ಮೊದಲೇ ಮಾತಾಡಿ. ಕೋಣೆಯ ಬಾಡಿಗೆ ಬೇರೆ, ಅದು ನಿಮ್ಮ ಕೀಲಿ ಲೆಕ್ಕಕ್ಕೆ. ಮಾತಾದ ಮೇಲೆ ಚೌಕಾಸಿ ಮಾಡಬೇಡಿ. ಡಿಸೆಂಬರ್ ಅವರಿಗೂ ಊರಿಗೆ ದುಡ್ಡು ಕಳಿಸುವ ತಿಂಗಳು. ನನ್ನ ಜೊತೆ ಒಂದು ಗಂಟೆ ಸುಮ್ನೆ ಹರಟಿದ ಒಬ್ಬ ಹುಡುಗ ಈಶಾನ್ಯದ ಕಡೆಯವನು, ಬಸ್ಸಿನಲ್ಲಿ ಎರಡು ದಿನದ ದಾರಿ, ಈ ಸಲವೂ ಅಮ್ಮನನ್ನು ನೋಡಲು ಆಗಲಿಲ್ಲ ಅಂದ. ಕೂತ ಹೊತ್ತಿಗೆ ಒಂದು ಬಿಯರ್ ಕೊಡಿಸಿ, ಬೇಡವಾದರೆ ಬೇಗ ಹೇಳಿ ಅವನ ಸಮಯ ಉಳಿಸಿ.

ಆರೋಗ್ಯದ ಮಾತಿಗೆ ಬಂದರೆ ಬ್ರೆಜಿಲ್ ನಮಗಿಂತ ಎಷ್ಟೋ ಮುಂದೆ. ಅಲ್ಲಿ ಎಚ್‌ಐವಿ ಔಷಧಿ ಎಲ್ಲರಿಗೂ ಪುಕ್ಕಟೆ ಅಂತ 1996ರಲ್ಲೇ ಕಾನೂನು ಬಂತು. ಕಾಂಡೋಮಿಗೆ 'ಕಮಿಝಿನ್ಯಾ' ಅನ್ನುತ್ತಾರೆ, ಪುಟ್ಟ ಅಂಗಿ ಅಂತ ಅರ್ಥ. ಸೌನಾದಲ್ಲಿ ಕೇಳಿದರೆ ಸಿಗುತ್ತದೆ, ಮೆಟ್ರೊ ನಿಲ್ದಾಣಗಳಲ್ಲಿ ಪೆಟ್ಟಿಗೆಯಿಂದ ಹಿಡಿಗಟ್ಟಲೆ ತೆಗೆದುಕೊಳ್ಳಬಹುದು. 'ಸೊ ಕೋಂ ಕಮಿಝಿನ್ಯಾ', ಕಾಂಡೋಮ್ ಇದ್ದರೆ ಮಾತ್ರ, ಈ ಒಂದು ವಾಕ್ಯ ಬಾಯಿಪಾಠ ಮಾಡಿ. ಅಲ್ಲಿ ಎಷ್ಟೋ ಜನ ಪ್ರೆಪ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಹಾಗಾಗಿ ಕಾಂಡೋಮ್ ಯಾಕೆ ಅನ್ನುವವರೂ ಸಿಗುತ್ತಾರೆ. ಪ್ರೆಪ್ ಎಚ್‌ಐವಿ ತಡೆಯುತ್ತದೆ, ಸಿಫಿಲಿಸ್ ತಡೆಯುವುದಿಲ್ಲ. ನೀವೂ ಪ್ರೆಪ್ ತೆಗೆದುಕೊಳ್ಳುವುದಾದರೆ ಊರಿನಲ್ಲೇ ಡಾಕ್ಟರ್ ಹತ್ತಿರ ಮಾತಾಡಿ ಶುರು ಮಾಡಿ.

ಕಾಂಡೋಮ್ ಹರಿಯಿತು, ಅಥವಾ ಹಾಕಲಿಲ್ಲ ಅಂದುಕೊಳ್ಳಿ. ಎಚ್‌ಐವಿ ತಗುಲದಂತೆ ಆಮೇಲೆ ತೆಗೆದುಕೊಳ್ಳುವ ಪೆಪ್ ಅನ್ನುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, 28 ದಿನ ನುಂಗಬೇಕು. ವಿದೇಶಿಯರಿಗೂ ಸರ್ಕಾರಿ ವ್ಯವಸ್ಥೆಯಲ್ಲಿ ಪುಕ್ಕಟೆ. ಹಬ್ಬದ ರಜೆಯ ಅಪಾಯ ಇರುವುದು ಇಲ್ಲೇ. 31ರ ರಾತ್ರಿ ಆದದ್ದಕ್ಕೆ, ರಜೆ ಮುಗಿಯಲಿ ನೋಡೋಣ ಅಂತ ಕೂತರೆ ಗಂಟೆಗಳು ಓಡಿಹೋಗಿರುತ್ತವೆ. ರೆಪುಬ್ಲಿಕಾ ಮೆಟ್ರೊ ನಿಲ್ದಾಣದ ಒಳಗೇ 2023ರಿಂದ ಪ್ರೆಪ್, ಪೆಪ್ ಕೊಡುವ ನಗರಪಾಲಿಕೆಯ ಒಂದು ಕೇಂದ್ರ ಸಂಜೆ ಹೊತ್ತು ಕೆಲಸ ಮಾಡುತ್ತದೆ. ಅದು ರಜೆ ಇದ್ದರೆ ಕ್ಲಿನಿಕಾಸ್ ಮೆಟ್ರೊ ಹತ್ತಿರದ ಎಮಿಲಿಯೊ ರಿಬಾಸ್ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. 'ಪೆಪ್' ಅಂದರೆ ಸಾಕು, ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆಂಬುಲೆನ್ಸಿಗೆ 192, ಪೊಲೀಸಿಗೆ 190.

ಇನ್ನೊಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಪಾಪರ್ಸ್, ಅಂದರೆ ಮೂಸಿ ಅಮಲೇರಿಸಿಕೊಳ್ಳುವ ದ್ರವದ, ಬಾಟಲಿ ಯಾರಾದರೂ ಮೂಗಿಗೆ ಹಿಡಿಯಬಹುದು. ವಯಾಗ್ರ ಥರದ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನು ಮುಟ್ಟಲೇಬೇಡಿ. ಎರಡೂ ಸೇರಿದರೆ ರಕ್ತದೊತ್ತಡ ಒಮ್ಮೆಲೇ ಕುಸಿಯುತ್ತದೆ, ಅದೂ ಬಿಸಿ ಹಬೆಯಲ್ಲಿ. ನಿಮ್ಮ ಲೋಟವನ್ನು ಬಾರಿನವನೇ ತುಂಬಲಿ, ನಿಮ್ಮ ಕಣ್ಣೆದುರು. ಬಿಟ್ಟುಹೋದ ಲೋಟ ಬಿಟ್ಟುಹೋದಂತೆಯೇ.

31ರ ಮಧ್ಯಾಹ್ನ ನಾನು ಹೊರಡುವ ಹೊತ್ತಿಗೆ ಅಮ್ಮನ ಫೋನ್ ಬಂತು. ಸಾವೊ ಪಾಲೊ ನಮಗಿಂತ ಎಂಟೂವರೆ ಗಂಟೆ ಹಿಂದೆ, ಬೆಂಗಳೂರಿನ ನಡುರಾತ್ರಿ ಅಲ್ಲಿ ಮೂರೂವರೆ. 'ಹ್ಯಾಪಿ ನ್ಯೂ ಇಯರ್ ಕಣೋ, ಊಟ ಆಯ್ತಾ, ಎಲ್ಲಿಗೆ ಹೊರಟೆ?' ಅಂದರು. 'ಸ್ನಾನಕ್ಕಮ್ಮ' ಅಂದೆ. ಸುಳ್ಳಂತೂ ಹೇಳಲಿಲ್ಲ. ನೀವು ಹೋಗುವುದಾದರೂ ಇಂಥ ಕರೆಗಳನ್ನೆಲ್ಲ ಮುಗಿಸಿಕೊಂಡೇ ಹೋಗಿ, ಫೋನ್ ಲಾಕರಿನಲ್ಲಿ ಬಡಿದುಕೊಳ್ಳುತ್ತಿದ್ದರೆ ಹೊರಗೆ ನಿಮಗೆ ಕೇಳುವುದಿಲ್ಲ, ಅಲ್ಲಿ ಅಮ್ಮನಿಗೆ ನಿದ್ದೆ ಬರುವುದಿಲ್ಲ.

ಆ ದಿನ ಲಾಕರ್ ಕೋಣೆಯಲ್ಲಿ ಒಂದು ಮಜಾ ನೋಡಲು ಸಿಗುತ್ತದೆ. ಬ್ರೆಜಿಲ್‌ನವರು ಹೊಸ ವರ್ಷಕ್ಕೆ ಬಿಳಿ ಬಟ್ಟೆ ಹಾಕುತ್ತಾರೆ, ಅದು ಎಲ್ಲರಿಗೂ ಗೊತ್ತು. ಒಳಚಡ್ಡಿಯ ಬಣ್ಣಕ್ಕೂ ಶಾಸ್ತ್ರ ಇದೆ: ಹಳದಿ ಅಂದರೆ ದುಡ್ಡು, ಕೆಂಪು ಅಂದರೆ ಮೋಹ, ಗುಲಾಬಿ ಅಂದರೆ ಪ್ರೀತಿ, ಬಿಳಿ ಅಂದರೆ ಶಾಂತಿ. ಸಾಲು ಲಾಕರುಗಳ ಮುಂದೆ ಪ್ಯಾಂಟು ಬಿಚ್ಚುತ್ತಿದ್ದವರಲ್ಲಿ ಹಳದಿ ಚಡ್ಡಿಯೇ ಜಾಸ್ತಿ, ಕೆಂಪು ಅಷ್ಟಿರಲಿಲ್ಲ. ಸೌನಾಗೆ ಬಂದವರೇ ದುಡ್ಡು ಕೇಳುತ್ತಿದ್ದಾರೆ ಅಂದರೆ ದೇಶದ ಪರಿಸ್ಥಿತಿ ಹೇಗಿರಬೇಡ! ನನ್ನದು ನೀಲಿ ಗೀಟಿನದು. ಪಕ್ಕದವನು ಅದನ್ನು ನೋಡಿ ಪಾಪ ಅನ್ನುವ ಹಾಗೆ ತಲೆಯಾಡಿಸಿದ.

ಹೊರಡುವಾಗ ಆತುರ ಬೇಡ. ಬಿಲ್ಲನ್ನು ಸಾಲು ಸಾಲಾಗಿ ಓದಿ. ಹತ್ತು ಪರ್ಸೆಂಟ್ ಸೇವೆಯ ದುಡ್ಡು ಸೇರಿಸಿದ್ದರೆ ಅದು ಐಚ್ಛಿಕ, ನಾನು ಕೊಡುತ್ತೇನೆ. ಕಾರ್ಡ್ ಯಂತ್ರದ ಮೇಲಿನ ಮೊತ್ತವನ್ನು ನಿಮ್ಮ ಕಣ್ಣಲ್ಲೇ ನೋಡಿ ಪಿನ್ ಒತ್ತಿ, ಡೆಬಿಟ್ಟೋ ಕ್ರೆಡಿಟ್ಟೋ ಅಂತ ಕೇಳುತ್ತಾರೆ. ಕಾರನ್ನು ಒಳಗಿಂದಲೇ ಕರೆಸಿ, ನಂಬರ್ ಪ್ಲೇಟ್ ನೋಡಿ ಹತ್ತಿ. ಜನವರಿ 1ರ ಬೆಳಗ್ಗೆ ಹೊರಬಿದ್ದರೆ ತೆರೆದಿರುವ ಪದಾರಿಯಾ, ಅಂದರೆ ಬೇಕರಿ, ಒಂದನ್ನು ಹುಡುಕಿಕೊಳ್ಳಿ. ಸಸ್ಯಾಹಾರಿಗಳು 'ಸೇಂ ಕಾರ್ನಿ' ಅಂದರೆ ಸಾಲದು, ಮಾಂಸ ಬೇಡ ಅಂದರೂ ಹ್ಯಾಮ್ ಹಾಕಿ ಕೊಡುತ್ತಾರೆ, ಅವರ ಲೆಕ್ಕದಲ್ಲಿ ದನದ್ದು ಮಾತ್ರ ಮಾಂಸ. 'ಪೌಂ ನಾ ಶಾಪಾ' ಕೇಳಿ. ಬೆಣ್ಣೆ ಹಚ್ಚಿ ಕಾವಲಿ ಮೇಲೆ ಒತ್ತಿ ಸುಟ್ಟ ಬನ್ನು, ಗಾಜಿನ ಲೋಟದಲ್ಲಿ ಹಾಲು ಹಾಕಿದ ಕಾಫಿ. ನಾನು ಕೂತ ಕಟ್ಟೆಯಲ್ಲಿ ಎರಡು ಸ್ಟೂಲ್ ಆಚೆ, ಬಿಳಿ ಬಟ್ಟೆಯಲ್ಲಿ, ಆ ತಲೆಯಾಡಿಸಿದವನೇ ಕೂತಿದ್ದ. ಬಟ್ಟೆ ಹಾಕಿಕೊಂಡವನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವನೇ ಲೋಟ ಎತ್ತಿ 'ಫೆಲಿಸ್ ಆನು ನೋವು, ಅರೆ ಬಾಬಾ' ಅಂದ.